ಐರ್ಲೆಂಡಿನ ಮಾಟಗಾತಿಯರ ಕಾದಂಬರಿ ಬರೆಯುತ್ತಿದ್ದೇನೆ: ಇದರಲ್ಲಿ ಹಳೆಯದೆಷ್ಟು, ಹೊಸದೆಷ್ಟು?

ನಿದ್ದೆಗೆಟ್ಟವಳು

ಎಲ್ಲರಿಗೂ ನಮಸ್ಕಾರ. ಹದಿಹರೆಯದ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಐರ್ಲೆಂಡಿನಲ್ಲಿ, ಈಗಿನ ಕಾಲದಲ್ಲಿ. ನಾಯಕಿಗೆ 16 ವರ್ಷ. ಡಬ್ಲಿನ್ ಬಿಟ್ಟು ರಾಸ್‌ಕಾಮನ್ ಕೌಂಟಿಯ ಒಂದು ಹಳ್ಳಿಗೆ, ಅಜ್ಜಿ ಮನೆಗೆ ಬರುತ್ತಾಳೆ. ಅಲ್ಲಿರುವ ಚಿಕ್ಕಮ್ಮ ಮಾಟಗಾತಿ. ಅವಳದೊಂದು ಗುಂಪಿದೆ, 13 ಹೆಂಗಸರು. ವರ್ಷಕ್ಕೆ ಎಂಟು ಹಬ್ಬ ಮಾಡುತ್ತಾರೆ. ಕನ್ಯೆ, ತಾಯಿ, ಮುದುಕಿ ಎಂದು ಮೂರು ಮುಖ ಇರುವ ದೇವತೆ ಮೊರ್ರೀಗನ್ ಅವರ ದೈವ. ಮಂತ್ರಗಳನ್ನು ಓಗಮ್ ಲಿಪಿಯಲ್ಲಿ ಕೆತ್ತುತ್ತಾರೆ. ಸೌವಿನ್ ಹಬ್ಬದ ರಾತ್ರಿ, ಅಂದರೆ ಹ್ಯಾಲೋವೀನ್ ದಿನ, ಹುಡುಗಿಯನ್ನು ಗುಂಪಿಗೆ ಸೇರಿಸಿಕೊಳ್ಳುತ್ತಾರೆ. ಅಲ್ಲಿಂದ ಎಡವಟ್ಟು ಶುರು.

ಅಜ್ಜಿಗೆ ಕಥೆಯಲ್ಲಿ ಜಾಸ್ತಿ ಕೆಲಸ ಇಲ್ಲ. ಟೀ ಮಾಡಿ ಕೊಡುತ್ತಾಳೆ, ಗೊಣಗುತ್ತಾಳೆ ಅಷ್ಟೇ.

ಈ ಥರದ ಇಂಗ್ಲಿಷ್ ಕಾದಂಬರಿಗಳನ್ನು ತುಂಬಾ ಓದಿದ್ದೇನೆ. ಎಲ್ಲದರಲ್ಲೂ ಇದೇ ಸಾಮಾನು. ಅದಕ್ಕೇ ಅನುಮಾನ. ಇದರಲ್ಲಿ ನಿಜಕ್ಕೂ ಕೆಲ್ಟಿಕ್, ಅಂದರೆ ಐರ್ಲೆಂಡ್ ಕಡೆಯ ಪ್ರಾಚೀನ ಜನರ ಪುರಾಣದಿಂದ ಬಂದದ್ದು ಯಾವುದು, ಆಮೇಲೆ ಯಾರೋ ಸೇರಿಸಿದ್ದು ಯಾವುದು? ಗೊತ್ತಿರುವವರು ಹೇಳಿ.

ಬಾವಲಿ_ಮರಿ

ಸೂಪರ್ ಅಕ್ಕ!! ಕನ್ನಡದಲ್ಲಿ ಇಂಥದ್ದು ಬೇಕೇ ಬೇಕು. ನಾನು ಪಿಯುಸಿ, ನಿಮ್ಮ ಟಾರ್ಗೆಟ್ ಓದುಗಿ ನಾನೇ. ದಯವಿಟ್ಟು ಮೊದಲ 50 ಪುಟ ಇತಿಹಾಸದ ಪಾಠ ಮಾಡಬೇಡಿ.

ಹಳೇ_ಮೇಷ್ಟ್ರು

ಪಾಠ ಮಾಡುವ ಕೆಲಸ ನನ್ನದು, ಅವರದ್ದಲ್ಲ. ಬಾವಲಿ ಮರಿ ಈ ಪೋಸ್ಟ್ ಹಾರಿಸಿಕೊಂಡು ಮುಂದೆ ಹೋಗಬಹುದು.

ನಿದ್ದೆಗೆಟ್ಟವಳು ಅವರೇ, ನಿಮ್ಮ ಪಟ್ಟಿಯಲ್ಲಿರುವ ಬಹುಪಾಲು ಸಾಮಾನು ನನ್ನ ಅಜ್ಜನಿಗಿಂತ ಚಿಕ್ಕದು. ಕನ್ಯೆ, ತಾಯಿ, ಮುದುಕಿ ಅನ್ನುವ ಮೂರು ಮುಖವನ್ನು ಜನರ ತಲೆಯಲ್ಲಿ ಕೂರಿಸಿದ್ದು ರಾಬರ್ಟ್ ಗ್ರೇವ್ಸ್ ಎಂಬ ಇಂಗ್ಲಿಷ್ ಕವಿ, 1948ರಲ್ಲಿ. ಮರಗಳ ಹೆಸರಿನ 13 ತಿಂಗಳ 'ಕೆಲ್ಟಿಕ್ ಪಂಚಾಂಗ' ಕೂಡ ಅವರದೇ ಕಲ್ಪನೆ. ಕವಿ ಕಲ್ಪಿಸಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಎರಡು ಸಾವಿರ ವರ್ಷ ಹಿಂದಕ್ಕೆ ಕಳಿಸಬಾರದು.

13 ಜನರ ಗುಂಪಿನ ಕಥೆ ಇನ್ನೂ ಮಜವಾಗಿದೆ. 1662ರಲ್ಲಿ ಸ್ಕಾಟ್ಲೆಂಡಿನ ಆಲ್ಡರ್ನ್ ಎಂಬಲ್ಲಿ ಇಸೊಬೆಲ್ ಗೌಡಿ ಎನ್ನುವ ಹೆಂಗಸು ತಾನು ಮಾಟಗಾತಿ ಎಂದು ತಪ್ಪೊಪ್ಪಿಗೆ ಹೇಳಿಕೆ ಕೊಟ್ಟಳು. ಒಂದೊಂದು ಗುಂಪಿನಲ್ಲೂ 13 ಜನ ಎಂದು ಅದರಲ್ಲಿದೆ. ಮೊಲವಾಗಿ ಓಡಿದ್ದು, ಶೀ ಜನರ (ದಿಬ್ಬಗಳೊಳಗೆ ವಾಸಿಸುವ ಮಾಯಾವಿಗಳು) ರಾಣಿಯ ಬಳಿ ಊಟ ಮಾಡಿದ್ದು ಎಲ್ಲ ಅದರಲ್ಲೇ ಇದೆ. 1921ರಲ್ಲಿ ಮಾರ್ಗರೆಟ್ ಮರ್ರೆ ಎಂಬ ವಿದ್ವಾಂಸೆ ಇಂಥ ಹೇಳಿಕೆಗಳನ್ನು ಹಿಡಿದುಕೊಂಡು, ಯುರೋಪಿನಲ್ಲಿ ಮಾಟಗಾತಿಯರ ಒಂದು ಗುಪ್ತ ಧರ್ಮವೇ ಇತ್ತು ಎಂದು ವಾದಿಸಿದರು. ಇತಿಹಾಸಕಾರರು ಇವತ್ತು ಅದನ್ನು ಒಪ್ಪುವುದಿಲ್ಲ. ಆದರೆ ಇಂಗ್ಲೆಂಡಿನ ಜೆರಾಲ್ಡ್ ಗಾರ್ಡ್ನರ್ ಒಪ್ಪಿದರು. ಅಲ್ಲಿನ ಹಳೆಯ ಮಾಟವಿರೋಧಿ ಕಾನೂನು 1951ರಲ್ಲಿ ರದ್ದಾಯಿತು. 1954ರಲ್ಲಿ ಗಾರ್ಡ್ನರ್ ಪುಸ್ತಕ ಬಂತು. ವಿಕ್ಕಾ ಎಂಬ ಹೊಸ ಧರ್ಮ ಹಾಗೆ ಬಯಲಿಗೆ ಬಂತು. ನಿಮ್ಮ ಚಿಕ್ಕಮ್ಮನ ಗುಂಪು ಆ ವಂಶದ್ದು, ಐರ್ಲೆಂಡಿನ ಪುರಾಣದ್ದಲ್ಲ.

ಎಂಟು ಹಬ್ಬದಲ್ಲಿ ನಾಲ್ಕು ಅಪ್ಪಟ ಐರಿಷ್. ನವೆಂಬರ್ 1 ಸೌವಿನ್, ಫೆಬ್ರವರಿ 1 ಇಂಬೊಲ್ಕ್, ಮೇ 1 ಬೆಲ್ಟನ, ಆಗಸ್ಟ್ 1 ಲೂನಸ. ದಿನ ಶುರುವಾಗುವುದು ಹಿಂದಿನ ಸಂಜೆಯಿಂದ, ಅದಕ್ಕೇ ಅಕ್ಟೋಬರ್ 31ರ ರಾತ್ರಿ. ಉಳಿದ ನಾಲ್ಕನ್ನು ಸೂರ್ಯನ ಲೆಕ್ಕದಲ್ಲಿ ಹೊಂದಿಸಿ ಚಕ್ರ ಮಾಡಿದ್ದು 20ನೇ ಶತಮಾನದಲ್ಲಿ. ಸೆಪ್ಟೆಂಬರ್ ಹಬ್ಬಕ್ಕೆ 'ಮಾಬನ್' ಎಂದು ವೇಲ್ಸ್ ಕಥೆಯ ಹೆಸರಿಟ್ಟಿದ್ದಂತೂ ಐಡನ್ ಕೆಲ್ಲಿ ಎಂಬ ಅಮೆರಿಕನ್, 1970ರ ದಶಕದಲ್ಲಿ.

ಓಗಮ್ ನಿಜ. ಗೆರೆಗಳ ಲಿಪಿ, ಕಲ್ಲಿನ ಅಂಚಿನಲ್ಲಿ ಕೆತ್ತುತ್ತಿದ್ದರು. ಸುಮಾರು 400 ಕಲ್ಲುಗಳು ಉಳಿದಿವೆ, ಕೆರ್ರಿ ಮತ್ತು ಕಾರ್ಕ್ ಕಡೆ ಜಾಸ್ತಿ. ಆದರೆ ಅವುಗಳಲ್ಲಿ ಮಂತ್ರ ಇಲ್ಲ. 'ಇಂಥವನ ಮಗ ಇಂಥವನು' ಎಂಬ ಹೆಸರುಗಳೇ ತುಂಬಿವೆ.

ಬಾವಲಿ_ಮರಿ

ಹಾರಿಸಲಿಲ್ಲ ಸರ್, ಪೂರ್ತಿ ಓದಿದೆ. ಮೊಲ ಇಷ್ಟ ಆಯ್ತು. ಆದರೆ ಎಲ್ಲ ತೆಗೆದು ಹಾಕಿದ್ರೆ ಕಥೆಯಲ್ಲಿ ಉಳಿಯೋದು ಏನು? ಟೀ ಮಾಡೋ ಅಜ್ಜಿನಾ?

ಕಿಟ್ಟಿ_ಕುಶಾಲನಗರ

ಮೇಷ್ಟ್ರೇ, ಮಾಹಿತಿ ಸರಿ, ಧಾಟಿ ಸರಿಯಿಲ್ಲ. 1954ರಲ್ಲಿ ಶುರುವಾದ ಧರ್ಮ ಅಂದ ಮಾತ್ರಕ್ಕೆ ಅದು ಸುಳ್ಳಾಗುತ್ತದಾ? ಎಲ್ಲ ನಂಬಿಕೆಗೂ ಒಂದು ಮೊದಲ ದಿನ ಇರುತ್ತೆ. ವಿಕ್ಕಾ ಪಾಲಿಸುವ ಲಕ್ಷಾಂತರ ಜನ ಇದ್ದಾರೆ, ಅವರಲ್ಲಿ ಓದಿಕೊಂಡವರಿಗೆ ಗ್ರೇವ್ಸ್ ಕಥೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಪೂಜಿಸುತ್ತಾರೆ. ಇವರು ಬರೆಯುತ್ತಿರುವುದು ಈಗಿನ ಕಾಲದ ಮಾಟಗಾತಿಯ ಬಗ್ಗೆ. ಈಗಿನ ಮಾಟಗಾತಿ ಈಗಿನ ಧರ್ಮ ಪಾಲಿಸಿದರೆ ತಪ್ಪೇನು?

ಕಾದಂಬರಿಗೆ ಸರ್ಟಿಫಿಕೇಟ್ ಬೇಕಿಲ್ಲ. ಸುಮ್ನೆ ಬರೀರಿ ಅಕ್ಕ.

ಹಳೇ_ಮೇಷ್ಟ್ರು

ಸುಳ್ಳು ಅಂತ ನಾನೆಲ್ಲಿ ಹೇಳಿದೆ ಕಿಟ್ಟಿ? ಹಳೆಯದು ಯಾವುದು, ಹೊಸದು ಯಾವುದು ಎಂದು ಅವರೇ ಕೇಳಿದರು. ಲೆಕ್ಕ ಒಪ್ಪಿಸಿದೆ.

ಡಬ್ಲಿನ್_ಮಳೆ

ಇಬ್ಬರೂ ಸ್ವಲ್ಪ ತಡೀರಿ. ನಾನು ಡಬ್ಲಿನ್‌ನಲ್ಲಿ ಇರುವವಳು, ಊರು ಹಾಸನ. ರಾಸ್‌ಕಾಮನ್ ಅಂದಿದ್ದಕ್ಕೆ ಓಡಿಬಂದೆ.

ಅಕ್ಕ, ನೀವು ಗೊತ್ತಿಲ್ಲದೆ ಆರಿಸಿದಿರೋ ಗೊತ್ತಿದ್ದು ಆರಿಸಿದಿರೋ, ಜಾಗ ಮಾತ್ರ ಪಕ್ಕಾ. ಅಲ್ಲಿ ಟಲ್ಸ್ಕ್ ಎಂಬ ಹಳ್ಳಿ ಇದೆ. ಪಕ್ಕದಲ್ಲೇ ರಾಥ್‌ಕ್ರೋಹನ್, ಪುರಾಣದಲ್ಲಿ ರಾಣಿ ಮೇವ್‌ಳ ರಾಜಧಾನಿ. ಈಗ ನೋಡಿದರೆ ಹುಲ್ಲು ಬೆಳೆದ ದಿಬ್ಬಗಳು, ಕುರಿ, ದನ. ಅಲ್ಲೇ ಹೊಲದ ಅಂಚಿನಲ್ಲಿ ಮುಳ್ಳುಗಿಡದ ಕೆಳಗೆ ಒಂದು ಬಿಲ. ಅದೇ ಓವಿನಗ್ಯಾಟ್, ಬೆಕ್ಕುಗಳ ಗುಹೆ. ಬಾಯಿ ಎಷ್ಟು ಚಿಕ್ಕದು ಅಂದರೆ ಕೂತು ಜಾರಿಕೊಂಡೇ ಇಳಿಯಬೇಕು. ಮೊದಲು ಮನುಷ್ಯರು ಕಲ್ಲು ಜೋಡಿಸಿ ಮಾಡಿದ ಸುರಂಗ, ಆಮೇಲೆ ಸುಣ್ಣಕಲ್ಲಿನ ಉದ್ದನೆಯ ಬಿರುಕು. ಒಳಗೆ ಕೆಸರು. ಟಾರ್ಚ್ ಆರಿಸಿದರೆ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗಲ್ಲ.

ಮಧ್ಯಯುಗದ ಒಂದು ಬರಹದಲ್ಲಿ ಅದನ್ನು ಐರ್ಲೆಂಡಿನ ನರಕದ ಬಾಗಿಲು ಎಂದು ಕರೆದಿದ್ದಾರೆ. ಮೂರು ತಲೆಯ ಪ್ರಾಣಿ, ಉಸಿರು ತಾಗಿದ್ದನ್ನೆಲ್ಲ ಒಣಗಿಸುವ ಕೆಂಪು ಹಕ್ಕಿಗಳು, ಬೆಳೆ ಹಾಳು ಮಾಡುವ ಹಂದಿಗಳು ಎಲ್ಲ ಆ ಬಿಲದಿಂದಲೇ ಹೊರಬಂದವಂತೆ. ಕಥೆಗಳ ಪ್ರಕಾರ ಮೊರ್ರೀಗನ್ ಮನೆಯೂ ಅದೇ. ಇನ್ನೊಂದು: ಒಳಗಿನ ಬಾಗಿಲಿನ ತೊಲೆಗಲ್ಲಿನ ಮೇಲೆ ಓಗಮ್ ಬರಹ ಇದೆ. 'ಮೇವ್‌ಳ ಮಗ ಫ್ರೇಖ್' ಎಂಬ ಅರ್ಥ. ಮೇಷ್ಟ್ರು ಹೇಳಿದಂತೆ ಬರೀ ಹೆಸರು. ಆದರೆ ಆ ಕತ್ತಲೆಯಲ್ಲಿ ಬೆರಳಿಗೆ ಆ ಗೆರೆಗಳು ಸಿಕ್ಕಿದರೆ ಮಂತ್ರವೇ ಬೇಕು ಅಂತ ಅನಿಸೋದಿಲ್ಲ, ನಂಬಿ.

ನಿದ್ದೆಗೆಟ್ಟವಳು

ಗೊತ್ತಿದ್ದು ಆರಿಸಿದ್ದೇ! ಗುಹೆ ಇದೆ ಎಂದು ತಿಳಿದಿತ್ತು. ಅದರೊಳಗಿನ ಓಗಮ್ ಕಲ್ಲು ಹೊಸ ವಿಷಯ. ಮೊರ್ರೀಗನ್ ಅಲ್ಲಿ ಏನೇನು ಮಾಡಿದಳು ಎಂದು ಯಾರಾದರೂ ಹೇಳ್ತೀರಾ? ನಾನು ಓದಿದ ಕಾದಂಬರಿಗಳಲ್ಲಿ ಅವಳು ಕಪ್ಪು ಬಟ್ಟೆ ಹಾಕಿಕೊಂಡು ಒಗಟಾಗಿ ಮಾತಾಡುತ್ತಾಳೆ, ಅಷ್ಟೇ.

ಸೀತಾಳೆ_ದಂಡೆ

ಈ ಪ್ರಶ್ನೆಗೆ ನಾನು. ಇದು ನನ್ನ ಹುಚ್ಚು.

ಮೊದಲು ಓಡ್ರಸ್ ಕಥೆ. ಊರುಗಳ ಹೆಸರಿನ ಹಿಂದಿನ ಕಥೆಗಳನ್ನು ಐರಿಷ್ ಕವಿಗಳು ಪದ್ಯ ಕಟ್ಟಿ ಇಟ್ಟಿದ್ದರು. ಅದರಲ್ಲಿ ಬರುತ್ತೆ. ಓಡ್ರಸ್ ದನ ಕಾಯುವವನ ಹೆಂಡತಿ. ಅವಳ ದನವನ್ನು ಮೊರ್ರೀಗನ್ ಹೊಡೆದುಕೊಂಡು ಹೋಗುತ್ತಾಳೆ. ದೇವತೆ ಅಂತ ಓಡ್ರಸ್ ಹೆದರಿ ಮನೆಯಲ್ಲಿ ಕೂರುವುದಿಲ್ಲ. ಗುಹೆಯ ತನಕ ಬೆನ್ನಟ್ಟುತ್ತಾಳೆ. ದಾರಿಯಲ್ಲಿ ದಣಿದು ನಿದ್ದೆ ಹೋಗುತ್ತಾಳೆ. ಮೊರ್ರೀಗನ್ ಬಂದು ಅವಳ ಮೇಲೆ ಮಂತ್ರ ಹಾಡಿ ನೀರಾಗಿಸುತ್ತಾಳೆ. ಹರಿದು ಹೋಗುವ ನೀರು. ಮುಗಿಯಿತು. ಯಾರೂ ಕಾಪಾಡಲ್ಲ, ನ್ಯಾಯವೂ ಸಿಗಲ್ಲ. ನಿಮ್ಮ 16ರ ಹುಡುಗಿಗೆ ಇವಳಿಗಿಂತ ಒಳ್ಳೆಯ ಪೂರ್ವಜೆ ಬೇಕಾ?

ಇನ್ನು ಟಾಯ್ನ್, ಅಂದರೆ ಒಂದು ಹೋರಿಗಾಗಿ ನಡೆದ ದೊಡ್ಡ ಯುದ್ಧದ ಕಥೆ. ಅದರಲ್ಲಿ ಮೊರ್ರೀಗನ್ ವೀರ ಕೂ ಹುಲಿನ್ ಬಳಿ ಚೆಂದದ ಹುಡುಗಿಯಾಗಿ ಬರುತ್ತಾಳೆ. ಅವನು ಬೇಡ ಅನ್ನುತ್ತಾನೆ. ಅವನು ನೀರಿನಲ್ಲಿ ನಿಂತು ಹೋರಾಡುವಾಗ ಅವಳು ಹಾವುಮೀನಾಗಿ ಕಾಲಿಗೆ ಸುತ್ತಿಕೊಳ್ಳುತ್ತಾಳೆ, ತೋಳವಾಗುತ್ತಾಳೆ, ಕೊಂಬಿಲ್ಲದ ಕೆಂಪು ಕಡಸಾಗುತ್ತಾಳೆ. ಮೂರು ಸಲವೂ ಅವನಿಂದ ಗಾಯ. ಆಮೇಲೆ ನೋಡಿ ಚಮತ್ಕಾರ. ದಾರಿಯಲ್ಲಿ ಒಬ್ಬ ಮುದುಕಿ ಮೂರು ಮೊಲೆಯ ಹಸು ಕರೆಯುತ್ತಾ ಕೂತಿದ್ದಾಳೆ. ಇವನು ದಣಿದು ಹಾಲು ಕೇಳುತ್ತಾನೆ. ಒಂದೊಂದು ಗುಟುಕು ಕುಡಿದಾಗಲೂ ಅವಳನ್ನು ಹರಸುತ್ತಾನೆ. ಮೂರು ಹರಕೆಗೆ ಮೂರು ಗಾಯ ಮಾಯುತ್ತವೆ. ಗಾಯ ಮಾಡಿದವನ ಬಾಯಿಂದಲೇ ಔಷಧಿ ತೆಗೆಸಿದಳು!

ಹುಡುಗಿ, ಮುದುಕಿ ಇಬ್ಬರೂ ಇಲ್ಲಿದ್ದಾರೆ. ಆದರೆ ಅದು ಅವಳು ಹಾಕುವ ವೇಷ. ಹಳೆಯ ಕಥೆಯಲ್ಲಿ ಮೂವರು ಬಂದರೆ ಅವರು ಅಕ್ಕತಂಗಿಯರು. ಮೊರ್ರೀಗನ್, ಬಾವ್, ಮಾಹಾ ಮೂವರೂ ಎರ್ನ್‌ಮಸ್ ಎಂಬುವಳ ಮಕ್ಕಳು. ಬ್ರಿಜಿಡ್ ಹೆಸರಿನವರೂ ಮೂವರು. ಒಬ್ಬಳು ಕವಿಗಳ ದೇವತೆ, ಒಬ್ಬಳು ವೈದ್ಯೆ, ಒಬ್ಬಳು ಕಮ್ಮಾರರ ದೇವತೆ. ಸುಮಾರು 900ರ ಹೊತ್ತಿಗೆ ಬರೆದ ಕೊರ್ಮಕ್ ನಿಘಂಟಿನಲ್ಲೇ ಇದೆ. ಮೂರು ವಯಸ್ಸಲ್ಲ, ಮೂರು ಕಸುಬು. ನನಗೇನೋ ಇದೇ ಚೆಂದ. ಹೆಣ್ಣನ್ನು ವಯಸ್ಸಿನಿಂದ ಅಳೆಯೋದು ಸಾಕಾಗಿದೆ.

ಬಾವಲಿ_ಮರಿ

ಹಾಲಿನ ಸೀನ್ 🔥🔥 ಅಕ್ಕ ಇದನ್ನ ಕಾದಂಬರಿಗೆ ಹಾಕದಿದ್ರೆ ನಾನು ಓದಲ್ಲ.

ಡಬ್ಲಿನ್_ಮಳೆ

ಸೀತಾಳೆ ಅವರಿಗೆ ಒಂದು ಸೇರ್ಪಡೆ. ಬ್ರಿಜಿಡ್ ಇಲ್ಲಿ ಈಗಲೂ ಜೀವಂತ. ಸಂತಳಾಗಿ ಬದಲಾಗಿದ್ದಾಳೆ, ಅಷ್ಟೇ. 2023ರಿಂದ ಅವಳ ಹಬ್ಬಕ್ಕೆ ಸರ್ಕಾರಿ ರಜೆ. ಶಾಲೆಯಲ್ಲಿ ಮಕ್ಕಳು ಜೊಂಡುಹುಲ್ಲಿನಲ್ಲಿ ಅವಳ ಶಿಲುಬೆ ಹೆಣೆಯುತ್ತಾರೆ. ನಮ್ಮ ಮನೆ ಬಾಗಿಲಿಗೂ ಮಗಳು ಹೆಣೆದ ಒಂದು ಇದೆ, ಪಕ್ಕದಲ್ಲಿ ಮಾವಿನ ತೋರಣ.

ಕಿಟ್ಟಿ_ಕುಶಾಲನಗರ

ಚೆನ್ನಾಗಿದೆ. ಆದರೆ ಇಲ್ಲಿ ತನಕ ಯಾರೂ ಮಾಟಗಾತಿಯ ಬಗ್ಗೆ ಮಾತಾಡಿಲ್ಲ, ಎಲ್ಲ ದೇವತೆಗಳ ಬಗ್ಗೆಯೇ. ಐರ್ಲೆಂಡಿನಲ್ಲಿ ನಿಜವಾಗಿ ಮಾಟಗಾತಿಯರು ಇದ್ದರಾ? ಸುಟ್ಟರಾ? ಕಾದಂಬರಿಗಳಲ್ಲಿ 'ನಮ್ಮ ಅಜ್ಜಿಯರನ್ನು ಸುಟ್ಟರು' ಎಂದು ಬರುತ್ತಲೇ ಇರುತ್ತೆ.

ಸೀತಾಳೆ_ದಂಡೆ

ಐರ್ಲೆಂಡಿನಲ್ಲಿ ಮಾಟದ ವಿಚಾರಣೆಗಳು ತೀರಾ ಕಡಿಮೆ. ಸ್ಕಾಟ್ಲೆಂಡಿನ ಕಥೆ ಬೇರೆ. 1563ರಿಂದ 1736ರವರೆಗೆ ಅಲ್ಲಿ ಕಾನೂನು ಜಾರಿಯಲ್ಲಿತ್ತು, ಸುಮಾರು 3,800 ಜನರ ಮೇಲೆ ಆರೋಪ ಬಂತು. 2022ರಲ್ಲಿ ಅಲ್ಲಿನ ಆಗಿನ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಅದಕ್ಕೆ ಕ್ಷಮೆಯನ್ನೂ ಕೇಳಿದರು.

ಐರ್ಲೆಂಡಿನಲ್ಲಿ ಹೆಸರಾದದ್ದು ಕಿಲ್ಕೆನಿ ಪ್ರಕರಣ, 1324. ಆಲಿಸ್ ಕಿಟ್ಲರ್ ಶ್ರೀಮಂತೆ, ನಾಲ್ಕು ಮದುವೆ ಆದವಳು. ಗಂಡಂದಿರ ಹಿಂದಿನ ಹೆಂಡತಿಯರ ಮಕ್ಕಳು ಆಸ್ತಿ ಕೈತಪ್ಪಿತು ಎಂದು ಮಾಟದ ದೂರು ಕೊಟ್ಟರು. ಬಿಷಪ್ ಬೆನ್ನು ಹತ್ತಿದರು. ಆಲಿಸ್‌ಗೆ ದುಡ್ಡಿತ್ತು, ಜನರ ಬೆಂಬಲ ಇತ್ತು, ತಪ್ಪಿಸಿಕೊಂಡಳು. ಅವಳ ಸೇವಕಿ ಪೆಟ್ರೊನಿಲಾಗೆ ಏನೂ ಇರಲಿಲ್ಲ. ಚಾಟಿಯಲ್ಲಿ ಹೊಡೆಸಿ, ಒಪ್ಪಿಸಿ, ನವೆಂಬರ್ 3ರಂದು ಸುಟ್ಟರು. ಸೌವಿನ್ ಕಳೆದು ಎರಡೇ ದಿನ. 1711ರ ಐಲೆಂಡ್‌ಮಗೀ ಪ್ರಕರಣದಲ್ಲಿ ಎಂಟು ಹೆಂಗಸರಿಗೆ ಶಿಕ್ಷೆ ಆಯಿತು, ಸಾವಿನ ಶಿಕ್ಷೆ ಅಲ್ಲ, ಸೆರೆಮನೆ. ಅದು ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದವರ ಊರು. ಕಿಲ್ಕೆನಿಯದೂ ಪರದೇಶದಿಂದ ಬಂದ ವ್ಯಾಪಾರಿ ಕುಟುಂಬಗಳ ಜಗಳ. ಗೇಲಿಕ್, ಅಂದರೆ ಮೂಲ ಐರಿಷ್ ಹಳ್ಳಿಗರ ಭಯ ಬೇರೆಯದು.

ಅವರ ಹಳ್ಳಿಯ ಮಾಟಗಾತಿ ಕದಿಯುತ್ತಿದ್ದದ್ದು ಬೆಣ್ಣೆ! ಮೇ 1ರ ಬೆಳಗಿನ ಜಾವ ಪಕ್ಕದವರ ಹೊಲದ ಇಬ್ಬನಿಯನ್ನು ಬಟ್ಟೆಯಲ್ಲಿ ಒರೆಸಿಕೊಂಡು ಹೋದರೆ ಆ ವರ್ಷದ ಬೆಣ್ಣೆಯೆಲ್ಲ ಅವಳ ಪಾಲು. ಇವರು ಎಷ್ಟು ಕಡೆದರೂ ಬರೀ ನೊರೆ. ಮೊಲವಾಗಿ ಬಂದು ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತಾಳೆ ಎಂದೂ ನಂಬುತ್ತಿದ್ದರು. ಮೊಲದ ಕಾಲಿಗೆ ಏಟು ಬಿದ್ದರೆ ಮರುದಿನ ಊರಿನ ಒಬ್ಬ ಮುದುಕಿ ಕುಂಟುತ್ತಾಳೆ. ಅದಕ್ಕೇ ಆ ದಿನ ಮನೆಯಿಂದ ಬೆಂಕಿ, ಹಾಲು, ಬೆಣ್ಣೆ ಯಾರಿಗೂ ಕೊಡುತ್ತಿರಲಿಲ್ಲ.

ಡಬ್ಲಿನ್_ಮಳೆ

ಮಾಟಗಾತಿಗಿಂತ ಹೆಚ್ಚು ಹೆದರಿದ್ದು ಶೀ ಜನರಿಗೆ. ಅವರನ್ನು ರೆಕ್ಕೆ ಇರುವ ಪುಟ್ಟ ಕಿನ್ನರಿಯರು ಎಂದುಕೊಳ್ಳಬೇಡಿ. ಮನುಷ್ಯರ ಎತ್ತರ, ದಿಬ್ಬಗಳೊಳಗೆ ವಾಸ, ಬೇಕೆಂದರೆ ನಿಮ್ಮ ಮಗುವನ್ನೋ ಹೆಂಡತಿಯನ್ನೋ ಒಯ್ದು ಅದೇ ರೂಪದ ಬೇರೆ ಯಾರನ್ನೋ ಇಟ್ಟು ಹೋಗುತ್ತಾರೆ. ಹಳ್ಳಿ ಮುದುಕರು ಹೆಸರು ಹೇಳದೆ 'ಒಳ್ಳೆಯ ಜನ' ಅನ್ನುತ್ತಿದ್ದರು. 1895ರಲ್ಲಿ ಟಿಪ್ಪರೇರಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ದರ್ಜಿ ಹೆಂಗಸಿಗೆ ಕಾಯಿಲೆ ಬಂತು. ಗಂಡ, 'ಇವಳು ನನ್ನ ಹೆಂಡತಿಯಲ್ಲ, ಅವರು ಇಟ್ಟು ಹೋದವಳು' ಎಂದು ಬೆಂಕಿ ಹಚ್ಚಿ ಕೊಂದ. ಕೋರ್ಟಿನಲ್ಲಿ ಶಿಕ್ಷೆ ಆಯಿತು. ಇದು ಪುರಾಣವಲ್ಲ, ರೈಲು ಓಡುತ್ತಿದ್ದ ಕಾಲ.

ಕ್ಲೇರ್ ಕೌಂಟಿಯಲ್ಲಿ ಬಿಡ್ಡಿ ಅರ್ಲಿ ಇದ್ದಳು, 1874ರಲ್ಲಿ ತೀರಿಕೊಂಡಳು. ನೀಲಿ ಬಾಟಲಿಯಲ್ಲಿ ನೋಡಿ ಭವಿಷ್ಯ ಹೇಳುತ್ತಿದ್ದಳು, ಮದ್ದು ಕೊಡುತ್ತಿದ್ದಳು. ಆ ಶಕ್ತಿ ಶೀ ಜನರಿಂದ ಬಂತು ಎಂದು ಊರವರ ಮಾತು. ಅದೇ ಕ್ಲೇರ್‌ನಲ್ಲಿ 1999ರಲ್ಲಿ ಹೆದ್ದಾರಿಗಾಗಿ ಒಂದು ಒಂಟಿ ಹಾಥಾರ್ನ್ ಗಿಡ ಕಡಿಯಬೇಕಿತ್ತು. ಕಥೆ ಹೇಳುವ ಎಡ್ಡಿ ಲೆನಿಹನ್ ಎಂಬುವರು ಅದು ಶೀ ಜನರ ಗಿಡ, ಕಡಿದರೆ ಅಪಘಾತಗಳಾಗುತ್ತವೆ ಎಂದು ಎದ್ದು ನಿಂತರು. ಗಿಡ ಉಳಿಯಿತು.

ಕಿಟ್ಟಿ_ಕುಶಾಲನಗರ

ಈಗ ಕಥೆ ಸಿಕ್ಕಿತು ನೋಡಿ! ಅಕ್ಕ, ನಿಮ್ಮ ಅಜ್ಜಿ ಟೀ ಮಾಡುತ್ತಾ ಗೊಣಗುತ್ತಾಳೆ ಅಂದಿರಲ್ಲ, ಏನು ಗೊಣಗುತ್ತಾಳೆ? ಅವಳು ಬಿಡ್ಡಿ ಅರ್ಲಿ ಕಡೆಯವಳು. ಒಂಟಿ ಗಿಡ ಮುಟ್ಟಲ್ಲ, ಮೇ 1ರಂದು ಸಕ್ಕರೆ ಕೂಡ ಸಾಲ ಕೊಡಲ್ಲ, 'ಅವರ' ಹೆಸರು ಎತ್ತಲ್ಲ. ಮಾಟಗಾತಿ ಅಂದರೆ ಬಡಿಯಲು ಬರುತ್ತಾಳೆ, ಭಾನುವಾರ ಚರ್ಚಿಗೆ ಹೋಗುವವಳು. ಚಿಕ್ಕಮ್ಮ ಗಾರ್ಡ್ನರ್, ಗ್ರೇವ್ಸ್ ಕಡೆಯವಳು. ಹೆಮ್ಮೆಯಿಂದ ಮಾಟಗಾತಿ ಅನ್ನುತ್ತಾಳೆ, ಮೊರ್ರೀಗನ್‌ಳನ್ನು ಹೆಸರು ಹಿಡಿದು ಕೂಗುತ್ತಾಳೆ. ತಾಯಿಗೆ ಭಯ, ಮಗಳಿಗೆ ಭಕ್ತಿ. ಒಂದೇ ಅಡುಗೆಮನೆ. ಮೇಷ್ಟ್ರ ಹಳತು-ಹೊಸತು ಜಗಳ ಮನೆಯೊಳಗೇ ಬಂತು. ಏನೂ ತೆಗೆದು ಹಾಕಬೇಕಿಲ್ಲ.

ಹಳೇ_ಮೇಷ್ಟ್ರು

ಕಿಟ್ಟಿ, ಇದಕ್ಕೆ ನೂರಕ್ಕೆ ನೂರು ಅಂಕ. ಅಜ್ಜಿಯ ಮಾತು ಎಲ್ಲಿ ಹುಡುಕುವುದು ಅಂದರೆ, 1937ರಿಂದ 1939ರವರೆಗೆ ಐರ್ಲೆಂಡಿನ ಸುಮಾರು 5,000 ಶಾಲೆಗಳ ಮಕ್ಕಳು ತಮ್ಮ ಮನೆಯ ಹಿರಿಯರನ್ನು ಕೇಳಿ ಕಥೆ, ಮದ್ದು, ನಂಬಿಕೆ ಎಲ್ಲ ಬರೆದುಕೊಂಡರು. ಡೂಖಸ್ ಜಾಲತಾಣದಲ್ಲಿ ಆ ಮಕ್ಕಳ ಕೈಬರಹವನ್ನೇ ಓದಬಹುದು. ರಾಸ್‌ಕಾಮನ್ ಎಂದು ಹುಡುಕಿ. ಬೆಣ್ಣೆ ಕಳ್ಳಿಯರ ಕಥೆ ಬೇಕಾದಷ್ಟಿದೆ.

ಒಂದು ಉಪಕಥೆ, ಕ್ಷಮಿಸಿ. ಕನ್ನಡಕ್ಕೂ ಐರಿಷ್ ಪುರಾಣದವರಿಗೂ ಒಂದು ಹಳೆಯ ಋಣ ಇದೆ. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಜೇಮ್ಸ್ ಕಸಿನ್ಸ್, ಯೇಟ್ಸ್ ಕಾಲದ ಐರಿಷ್ ಸಾಹಿತ್ಯ ಚಳವಳಿಯಲ್ಲಿ ಇದ್ದವರು, ತಮ್ಮ ನಾಡಿನ ಪುರಾಣವನ್ನು ಕಾವ್ಯಕ್ಕೆ ತಂದವರು. 1924ರಲ್ಲಿ ಮೈಸೂರಿಗೆ ಬಂದಿದ್ದಾಗ ಇಂಗ್ಲಿಷ್ ಪದ್ಯ ತೋರಿಸಿದ ಒಬ್ಬ ಹುಡುಗನಿಗೆ, ನಿನ್ನ ಭಾಷೆಯಲ್ಲಿ ಬರಿ ಅಂದರು. ಹುಡುಗ ಕುವೆಂಪು. ಮೊದಲು ಸಿಟ್ಟು ಬಂತು ಎಂದು ಅವರೇ ಬರೆದುಕೊಂಡಿದ್ದಾರೆ.

ನಿದ್ದೆಗೆಟ್ಟವಳು

ಅಬ್ಬಾ. ಎಲ್ಲ ಓದಿದೆ. ಕಿಟ್ಟಿ, ಅಜ್ಜಿಯ ಐಡಿಯಾ ಕದ್ದೆ. ಚಿಕ್ಕಮ್ಮನ ಎಂಟು ಹಬ್ಬ, 13 ಜನ ಹಾಗೇ ಇರಲಿ. ಅವಳು ಅವುಗಳನ್ನು ಪುಸ್ತಕದಿಂದ ಕಲಿತವಳು, ಅಜ್ಜಿ ಅದಕ್ಕೇ ನಗುತ್ತಾಳೆ. ಮೂರು ಮುಖವನ್ನೂ ಬಿಡಲ್ಲ ಸೀತಾಳೆ, ಚಿಕ್ಕಮ್ಮ ನಂಬಲಿ. ಗುಹೆಯಿಂದ ಬರುವವಳು ಅದನ್ನು ಕೇಳಿ ಏನನ್ನುತ್ತಾಳೆ ಎಂದು ಬರೆಯೋ ಆಸೆ ಇದೆ.

ಒಂದೇ ತೊಡಕು. ಮಂತ್ರಕ್ಕೆ ನಿಯಮ ಬೇಕು. ಹುಡುಗಿ ಏನು ಬೇಕಾದರೂ ಮಾಡಬಹುದು ಅಂದರೆ ಕಥೆ ಸಪ್ಪೆ.

ಸೀತಾಳೆ_ದಂಡೆ

ಗೆಶ್ ಇದೆಯಲ್ಲ! ಒಬ್ಬೊಬ್ಬರಿಗೆ ಒಂದೊಂದು ಕಟ್ಟು. ಇಂಥದ್ದು ಮಾಡಬಾರದು, ಮಾಡಿದರೆ ನಾಶ. ಕೂ ಹುಲಿನ್ ನಾಯಿ ಮಾಂಸ ತಿನ್ನಬಾರದು. ದಾರಿಯಲ್ಲಿ ಒಲೆ ಹೂಡಿದವರು ಊಟಕ್ಕೆ ಕರೆದರೆ ಬೇಡ ಅನ್ನಲೂ ಬಾರದು. ಕೊನೆಗೆ ಮೂವರು ಒಕ್ಕಣ್ಣಿನ ಮುದುಕಿಯರು ನಾಯಿ ಸುಡುತ್ತಾ ಕೂತು, 'ಬಡವರ ಊಟ, ಬಾರಪ್ಪ' ಅನ್ನುತ್ತಾರೆ. ಯಾವುದನ್ನು ಮುರಿದರೂ ಸಾವು. ತಿನ್ನುತ್ತಾನೆ. ಮಾಂಸ ಹಿಡಿದ ಕೈಯ ಬಲವೇ ಹೋಗುತ್ತೆ.

ನಿಮ್ಮ ಹುಡುಗಿಗೆ ಶಕ್ತಿಯ ಜೊತೆ ಎರಡು ಗೆಶ್ ಕೊಡಿ. ಒಂದು ಅಜ್ಜಿ ಹಾಕಿದ್ದು, ಇನ್ನೊಂದು ಚಿಕ್ಕಮ್ಮ ಹಾಕಿದ್ದು. ಬೇರೆ ಬೇರೆಯಾಗಿ ಪಾಲಿಸುವುದು ಸುಲಭ. ಒಂದು ರಾತ್ರಿ ಎರಡೂ ಎದುರುಬದುರು ಬರಬೇಕು.

ಡಬ್ಲಿನ್_ಮಳೆ

ಗುಹೆ ನೋಡಲು ಬಂದರೆ ಟಲ್ಸ್ಕ್‌ನಲ್ಲಿರುವ ರಾಥ್‌ಕ್ರೋಹನ್ ಕೇಂದ್ರದವರ ಜೊತೆ ಹೋಗಿ. ಅದು ಖಾಸಗಿ ಜಮೀನಿನ ಪಕ್ಕ, ಸುಮ್ನೆ ನುಗ್ಗಬಾರದು. ಗಮ್‌ಬೂಟ್, ಹೆಲ್ಮೆಟ್, ಹಳೇ ಬಟ್ಟೆ. ಬಿಳಿ ಪ್ಯಾಂಟು ಬೇಡ.

ಬಾವಲಿ_ಮರಿ

ಎರಡು ಗೆಶ್ ಏನು ಅಂತ ಇಲ್ಲಿ ಹೇಳಬೇಡಿ ಅಕ್ಕ, ಸ್ಪಾಯ್ಲರ್. ಮೊದಲ ಅಧ್ಯಾಯ ಯಾವಾಗ ಹಾಕ್ತೀರಾ?

ನಿದ್ದೆಗೆಟ್ಟವಳು

ನಿನ್ನ ಪರೀಕ್ಷೆ ಮುಗಿದ ಮೇಲೆ.